ಒಂದಿಂಚು ಐದು ನೂಲು

ಊರಿಗೆಲ್ಲ ನೀರು ಬಿಡಿಸುವ ಕೆಲಸ ನನ್ನದು, ಜಲಮಂಡಳಿಯಲ್ಲಿ.
ಕೊಂಡದ್ದು ಮಾತ್ರ ಹನಿ ನೀರೂ ಕುಡಿಯದ ಕಾರು.
ರೇಡಿಯೇಟರಿಲ್ಲ, ಹೋಸಿಲ್ಲ,
ಬೆನ್ನಿಗೊಂದು ಫ್ಯಾನು, ಅಷ್ಟೇ.
ರಿಚ್ಮಂಡ್ ಟೌನಿನ ಶೆಡ್ಡಿನಲ್ಲಿ ಸಿಕ್ಕಾಗ
ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು.
ಮರಿ ಆಗೋವರೆಗೂ ಕಾಯಿರಿ ಅಂದರು ಮಿಸೆಸ್ ಲೋಬೋ.
ಕಾದೆ, ಇಪ್ಪತ್ತೊಂದು ದಿನ.

ಆಮೇಲೆ ಎರಡು ವರ್ಷ, ಪಿ.ಎಫ್. ಸಾಲ,
ಅಗಲದ ಸಿಲಿಂಡರು, ಬೇರೆ ಕ್ಯಾಮು, ಜೋಡಿ ಕಾರ್ಬುರೇಟರು.
ಹದಿನಾರು ನೂರು ಸಿಸಿ ಉಬ್ಬಿ ಹದಿನೇಳು ನೂರ ಎಪ್ಪತ್ತಾರು.
ಉಸಿರು ಒಳಗೆಳೆದುಕೊಳ್ಳುವ ಏರ್ಪಾಡೆಲ್ಲ ಮುಗಿಯಿತು.
ಬಿಡುವ ದಾರಿಯೊಂದು ಬಾಕಿ.

ಜೆ.ಸಿ. ರಸ್ತೆಯಿಂದ ಮೂರನೇ ಸಂದಿ, ಜಬೀಉಲ್ಲಾ ಅಂಗಡಿ.
ಅಂಗಡಿ ಅಂದರೆ ಒಂದು ತಗಡು, ಒಂದು ಬೆಂಕಿ,
ಬಕೆಟ್ಟಿನ ತುಂಬ ಒಣ ಮರಳು.
ಅವನಪ್ಪ ಬ್ಯಾಂಡ್‌ಸೆಟ್ಟಿನ ತುತ್ತೂರಿಗಳ ನೆಗ್ಗು ಎತ್ತುತ್ತಿದ್ದವನು,
ಇವನು ಕೊಳವೆ ಬಗ್ಗಿಸುತ್ತಾನೆ.
ಗೋಡೆಯ ಮೊಳೆಗಳಲ್ಲಿ ಎರಡು ತುಂಡು:
ಒಂದೂವರೆ ಇಂಚು. ಪಕ್ಕದಲ್ಲಿ ಒಂದಿಂಚು ಐದು ನೂಲು.
ನಡುವೆ ಒಂದೇ ನೂಲು.
ಕಣ್ಣಿಗೆ ಹೊಳೆಯದು, ಬೆರಳು ತೂರಿಸಿದರೆ ಗೊತ್ತಾಗುತ್ತದೆ.

ದೊಡ್ಡದೇ ಇರಲಿ, ಅಂದೆ.
ಅವನು ಟೀ ಲೋಟ ಕೆಳಗಿಟ್ಟ.
'ಗಾಡಿ ಎಲ್ಲಿ ಓಡಿಸ್ತೀರಾ?'
ಬನಶಂಕರಿಯಿಂದ ಕಾವೇರಿ ಭವನ, ಮತ್ತೆ ಬನಶಂಕರಿ.
'ಮುಳ್ಳು ನಾಲ್ಕು ಸಾವಿರ ದಾಟೋದು ವರ್ಷಕ್ಕೆ ಎಷ್ಟು ಸಲ?'

ಮಿನರ್ವ ಸರ್ಕಲ್ಲು, ಟೌನ್‌ಹಾಲು, ಹಡ್ಸನ್ ಸರ್ಕಲ್ಲು;
ಒಂದನೇ ಗೇರು, ಎರಡನೆಯದು, ತಿರುಗಿ ಒಂದು.
ಎಡ ಮೊಣಕಾಲಿನ ಚಿಪ್ಪನ್ನು ಕ್ಲಚ್ಚೇ ತಿಂದಿದೆ.
ಒಂದು ಸಲ ದಾಟಿತ್ತು, ಹಳೇ ಎಂಜಿನ್ನಿನಲ್ಲೇ, ಲಾಕ್‌ಡೌನಿನಲ್ಲಿ.
ಗಾಜಿಗೆ ಪಾಸು ಅಂಟಿಸಿಕೊಂಡು ಒಡೆದ ಮೇನು ನೋಡಲು ಹೊರಟಿದ್ದೆ.
ಹೆಬ್ಬಾಳದ ಮೇಲ್ಸೇತುವೆ ಈ ತುದಿಯಿಂದ ಆ ತುದಿಗೆ
ನನ್ನೊಬ್ಬಳದು.
ಅದನ್ನು ಅವನಿಗೆ ಹೇಳಲಿಲ್ಲ.

'ನೋಡಿ ಮೇಡಂ, ಹೊಗೆಗೂ ಅವಸರ ಇರಬೇಕು.
ಮುಂದೆ ಹೋದದ್ದು ಹಿಂದಿಂದರ ಕೈ ಹಿಡಿದು ಎಳೀಬೇಕು.
ಕೊಳವೆ ದಪ್ಪ ಆದ್ರೆ ಒಳಗೆ ನಿಂತ್ಕೊಂಡು ಹರಟೆ ಹೊಡೀತದೆ.
ಮೇಲೆ ಓಡುತ್ತೆ, ಸುಳ್ಳಲ್ಲ.
ಸಿಗ್ನಲ್ಲಲ್ಲಿ ಎತ್ತೋವಾಗ ಕೆಮ್ಮುತ್ತೆ.'

ನಾಚಿಕೆ ಅಲ್ಲೇ ಕಿವಿ ಹಿಂಡಿತು.
ಉತ್ತರಹಳ್ಳಿ ಆಚೆಯ ಬಡಾವಣೆಗೆ ದಪ್ಪ ಪೈಪೇ ಬೇಕೆಂದು
ಕೌನ್ಸಿಲರು ಮೇಜು ಗುದ್ದಿದಾಗ
ಕಡತದಲ್ಲಿ ನಾನೇ ಬರೆದಿದ್ದೆ, ಹಸಿರು ಶಾಯಿಯಲ್ಲಿ:
ಹರಿವಿನ ವೇಗ ಸಾಲದು.
ನೀರು ಬಿಡುವುದು ದಿನ ಬಿಟ್ಟು ದಿನ, ಎರಡೇ ಗಂಟೆ;
ಪೈಪಿನ ಹೊಟ್ಟೆ ತುಂಬುವಷ್ಟರಲ್ಲಿ ವಾಲ್ವ್ ಮುಚ್ಚುವ ಹೊತ್ತು,
ಕೊನೇ ಮನೆಯ ಕೊಡಕ್ಕೆ ಬರೀ ಗಾಳಿಯ ಬುಸುಬುಸು.
ಪರರ ಪೈಪಿಗೆ ಎಷ್ಟು ಸಲೀಸು ಈ ವಿವೇಕ!

ಚಿಕ್ಕದೇ ಆಗಲಿ, ಅಂದೆ, ಸ್ವಲ್ಪ ಸಿಟ್ಟಿನಿಂದಲೇ.

ಅವನು ಕೊಳವೆಗೆ ಮರಳು ತುಂಬಿದ, ಬಡಿದು ಬಡಿದು ತುಂಬಿದ,
ಎರಡೂ ಬಾಯಿಗೆ ಮರದ ಬಿರಡೆ.
ಒಳಗೆ ಮರಳಿಲ್ಲದಿದ್ದರೆ ಬಗ್ಗುವ ಕಡೆ ಸೊಂಟ ಮುರಿಯುತ್ತದಂತೆ.
ಕೆಂಪಗೆ ಕಾಸಿ, ಮೊಣಕೈಯಿಂದ ಒತ್ತಿ
ಮೆಲ್ಲಗೆ, ನಿದ್ದೆಯ ಮಗುವನ್ನು ಮಗ್ಗುಲು ತಿರುಗಿಸಿದ ಹಾಗೆ.
ನಾಲ್ಕು ಕೊಳವೆ, ನಾಲ್ಕು ಬೇರೆ ದಾರಿ,
ದಾರದಲ್ಲಿ ಅಳೆದರೆ ಉದ್ದ ಒಂದೇ.

ಸಂಜೆ ಆರೂಕಾಲಿಗೆ ಚಾವಿ ತಿರುಗಿಸಿದೆ.
ಟಪಟಪ ಅಲ್ಲ, ಗುಡುಗುಡು ಅಲ್ಲ;
ದೊಡ್ಡ ಡಬರಿಯಲ್ಲಿ ಹುರುಳಿ ಬೇಯುವ ಸದ್ದು.
ಹೊಸ ಕಬ್ಬಿಣ ಬಾಗಿನಲ್ಲಿ ಮೊದಲು ಹಳದಿ,
ಆಮೇಲೆ ನವಿಲ ಕತ್ತಿನ ನೀಲಿ.
ಟೌನ್‌ಹಾಲಿನ ಏರಿನಲ್ಲಿ ಎರಡನೇ ಗೇರಿನಲ್ಲೇ ಎತ್ತಿಕೊಂಡಿತು,
ಕೆಮ್ಮಲಿಲ್ಲ.

ಆ ಇನ್ನೊಂದು ತುಂಡನ್ನು ಅವನು ಮಾರಿಲ್ಲ.
ಸೀಮೆಸುಣ್ಣದಲ್ಲಿ 'ಜಲಮಂಡಳಿ' ಅಂತ ಗೀಚಿ
'ರಿಟೈರ್ ಆದ್ಮೇಲೆ ಬನ್ನಿ' ಅಂದಿದ್ದ, ನಗದೆ.
ಮೊನ್ನೆ ಆ ಸಂದಿಯಲ್ಲಿ ಹಾದು ಬಂದೆ.
ಮೊಳೆಯಲ್ಲಿ ಇನ್ನೂ ಇದೆ.
ತುಕ್ಕು ಹಿಡಿಯದಿರಲೆಂದು ಯಾರೋ
ಎಣ್ಣೆ ಸವರಿದ್ದಾರೆ.